ಜೀಪ್‌ಗುಂಡಿಯ ಜೀಪು

ಭವ್ಯಾಳ ಜೀಪಿನಿಂದ ಹಳೆಯ ಆಯಿಲ್ ಪೂರ್ತಿ ಇಳಿಯುವ ಹೊತ್ತಿಗೆ ಕೆಳಗಿನ ಡಬ್ಬದಲ್ಲಿ ‘ಟಣ್’ ಎಂದಿತು. ಅವಳು ಕೈ ಹಾಕಿ ತಡಕಿದಳು. ಉಗುರಿನಷ್ಟಗಲದ ಉಕ್ಕಿನ ಚೂರು ಸಿಕ್ಕಿತು. ಒಂದು ಅಂಚು ದುಂಡಗಿತ್ತು, ಇನ್ನೊಂದು ಮುರಿದು ಹೊಳೆಯುತ್ತಿತ್ತು.

“ಇದು ಎಲ್ಲಿಂದು ದೊಡ್ಡಪ್ಪ?”

ನಲವತ್ತು ವರ್ಷ ಎಸ್ಟೇಟ್ ಜೀಪು ಓಡಿಸಿದ್ದ ತಮ್ಮಯ್ಯ ಚೂರನ್ನು ಕಣ್ಣಿನ ಹತ್ತಿರ ಹಿಡಿದರು. “ಇಂಜಿನ್ ಒಳಗಿಂದು. ಎಲ್ಲಿಂದು ಅಂತ ಹೇಳಕ್ಕೆ ನಾನೇನು ಅದರೊಳಗೆ ಕೂತಿದ್ನಾ ಮಾರಾಯ್ತಿ?”

ಮರುದಿನ ಬೆಳಗ್ಗೆ ಪಕ್ಕದ ಮನೆಯ ಕಲ್ಲಮ್ಮನನ್ನು ಡಯಾಲಿಸಿಸ್‌ಗೆ ಚಿಕ್ಕಮಗಳೂರಿಗೆ ಕರೆದೊಯ್ಯಬೇಕಿತ್ತು. ಮಲ್ಲಂದೂರಿನ ದಾರಿಯ ಮೋರಿ ಕೊಚ್ಚಿಹೋಗಿತ್ತು. ಹಳ್ಳಕ್ಕೆ ಇಳಿದು ಹತ್ತಬಲ್ಲ ಗಾಡಿ ಊರಿನಲ್ಲಿ ಭವ್ಯಾಳದ್ದೊಂದೇ. ಸರದಿ ತಪ್ಪಿದರೆ ಕಲ್ಲಮ್ಮನಿಗೆ ಉಸಿರು ಕಟ್ಟುತ್ತದೆ.

“ಕೆಳಗಿನ ಆಯಿಲ್ ಚೇಂಬರ್ ಬಿಚ್ಚಬೇಕೋ, ಮುಂದಿನ ಕವರೋ?” ಎಂದ ಗಿರಿ. ಕಳೆ ಹೊಡೆಯುವ ಮಿಷನ್ ರಿಪೇರಿ ಮಾಡುವವನು, ಭವ್ಯಾಳ ಗೆಳೆಯ. “ಆಯಿಲ್ ಸೋರದಂಗೆ ಹಾಕೋ ಪ್ಯಾಕಿಂಗ್ ಶೀಟು ಒಂದಕ್ಕೆ ಆಗೋಷ್ಟೇ ಇದೆ. ತಪ್ಪು ಕಡೆ ಬಿಚ್ಚಿದ್ರೆ ಕತೆ ಮುಗೀತು.”

ತಮ್ಮಯ್ಯ ಗುಡ್ಡದ ಕಡೆ ನೋಡಿದರು. “ಇಂಥದ್ದೇ ಇಂಜಿನ್ ಒಡೆದುಕೊಂಡು ಬಿದ್ದಿರೋ ಜೀಪು ಒಂದಿದೆ. ಜೀಪ್‌ಗುಂಡಿಲಿ.”

“ಅದು ಜೀಪು ತಿರುಗ್ಸೋ ಜಾಗ ಅಲ್ವಾ?” ಎಂದಳು ಭವ್ಯಾ.

“ತಿರುಗ್ಸಕ್ಕೆ ಹೋಗಿ ಬಿದ್ದ ಜಾಗ. ಬೀಳ್ಸಿದೋನು ನಾನೇ.”

ಚೂರನ್ನು ಆ ಇಂಜಿನ್ನಿಗೆ ಹೊಂದಿಸಿ ನೋಡಲು ಸ್ಪ್ಯಾನರು, ಹಗ್ಗ, ಕತ್ತಿ ಹಿಡಿದು ಮೂವರೂ ಹೊರಟರು. ಕಾಫಿ ಗಿಡಗಳ ಕೊನೆಯ ಸಾಲು ದಾಟಿದರೆ ಬೇಲಿ, ಬೇಲಿಯಾಚೆ ಕಾಡು. ಮೇಲೆ ಗಾಳಿಗೆ ಬಗ್ಗಿದ ಹುಲ್ಲುಗುಡ್ಡ, ಕೆಳಗೆ ಕಣಿವೆ ತುಂಬ ಕಪ್ಪು ಹಸಿರಿನ ಮರಗಳು, ಅವುಗಳ ನಡುವೆ ಕಾಣದೆ ಸದ್ದು ಮಾತ್ರ ಮಾಡುವ ನೀರು. ನೆಲದ ಎಲೆಯಡಿಯಿಂದ ಉಂಬಳಗಳು ಎದ್ದು ಕಾಲಿಗೆ ಹತ್ತಿ ರಕ್ತ ಹೀರತೊಡಗಿದವು. ಕೀಳುತ್ತ ನಿಲ್ಲುವಷ್ಟು ಹೊತ್ತಿರಲಿಲ್ಲ.

ಜೀಪ್‌ಗುಂಡಿಯ ಅಂಚಿನಲ್ಲಿ ತಮ್ಮಯ್ಯ ಹಗ್ಗವನ್ನು ಮರಕ್ಕೆ ಸುತ್ತಿ ನಿಂತರು. ಗಿರಿ, ಭವ್ಯಾ ಇಳಿದರು.

ಜೀಪು ಸಿಕ್ಕಿತು. ಬಂಡೆಯ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಗಾಜಿಲ್ಲದ ಚೌಕಟ್ಟಿನೊಳಗಿಂದ ಬೇರುಗಳು ತೂರಿ ಅದನ್ನು ತಬ್ಬಿಕೊಂಡಿದ್ದವು. ಚೇಂಬರ್ ಕಲ್ಲಿಗೆ ಬಡಿದು ಒಡೆದಿತ್ತು. ಭವ್ಯಾ ಮಣ್ಣು ಕೆರೆದು, ಚೂರನ್ನು ಒಂದೊಂದೇ ಭಾಗಕ್ಕೆ ಹಿಡಿದು ನೋಡಿದಳು.

“ಇಲ್ಲ. ಇದೂ ಅಲ್ಲ.”

ಮೊಣಕೈವರೆಗೆ ಕೈ ಒಳಗೆ ತೂರಿಸಿದಳು.

ಬೇರು ‘ಕಿರ್’ ಎಂದಿತು.

ಜೀಪು ಒಂದು ಗೇಣು ಜಾರಿತು. ಕಲ್ಲುಗಳು ಉರುಳಿ ಕೆಳಗಿನ ನೀರಿಗೆ ಬಿದ್ದವು.

“ಕೈ ತೆಗಿ!” ಗಿರಿ ಕಿರುಚಿದ.

“ತಡಿ! ಕಿವಿ ಸಿಕ್ತು!”

“ಯಾರ ಕಿವಿ ಮಾರಾಯ್ತಿ?”

“ಪ್ಲೇಟಿಂದು! ಹಗ್ಗ ಕಟ್ಟು!”

ಗಿರಿ ಹಗ್ಗದ ತುದಿಯನ್ನು ಜೀಪಿನ ಅಡಿಯ ಚಾಸಿಗೆ ಬಿಗಿದ. ಮೇಲಿಂದ ತಮ್ಮಯ್ಯ ಎಳೆದು ಹಿಡಿದರು. ತುಕ್ಕು ಹಿಡಿದ ಎರಡು ಬೋಲ್ಟು ಬಿಚ್ಚುವಷ್ಟರಲ್ಲಿ ಭವ್ಯಾಳ ಬೆರಳು ಸುಲಿದಿತ್ತು.

ಕೈಗೆ ಬಂದದ್ದು ಆಯಿಲ್ ಪಂಪಿನ ಲಾಕ್ ಪ್ಲೇಟು. ಬೋಲ್ಟು ಸಡಿಲವಾಗದಂತೆ ಮೇಲಕ್ಕೆ ಮಡಚುವ ಕಿವಿಗಳುಳ್ಳ ತಗಡು. ಡಬ್ಬದಲ್ಲಿ ಸಿಕ್ಕ ಚೂರು ಅದರ ಒಂದು ಕಿವಿಯ ಮೇಲೆ ಕೂದಲೆಳೆ ಹೆಚ್ಚುಕಮ್ಮಿಯಿಲ್ಲದೆ ಕೂತಿತು.

“ಚೇಂಬರ್ ಬಿಚ್ಚಬೇಕು,” ಎಂದಳು.

ಮನೆಗೆ ಬಂದು ಬಿಚ್ಚಿದರು. ಪಂಪಿನ ಒಂದು ಬೋಲ್ಟು ಬೆರಳಿನಲ್ಲೇ ತಿರುಗಿತು.

“ನಾಳೆ ಹಳ್ಳದಲ್ಲೇ ಪಂಪು ಕಳಚಿ ಬಿದ್ದಿರೋದು. ಆಯಿಲ್ ಮೇಲೇರದೆ ಇಂಜಿನ್ ಜಾಮ್,” ಎಂದರು ತಮ್ಮಯ್ಯ. ಜೀಪ್‌ಗುಂಡಿಯ ಪ್ಲೇಟು ಹಾಕಿ, ಬೋಲ್ಟು ಬಿಗಿದು, ಕಿವಿ ಮಡಚಿ, ಪ್ಯಾಕಿಂಗ್ ಕತ್ತರಿಸಿ ಚೇಂಬರ್ ಮುಚ್ಚಿದರು. ಹೊಸ ಆಯಿಲ್ ಸುರಿದರು.

ಭವ್ಯಾ ಕೀಲಿ ತಿರುಗಿಸಿದಳು. ಇಂಜಿನ್ ಹತ್ತಿತು. ಆಯಿಲ್‌ನ ಕೆಂಪು ದೀಪ ಒಂದು ಕ್ಷಣ ಉರಿದು ಆರಿತು.

ಪಕ್ಕದ ಸೀಟಿನಲ್ಲಿ ಕಲ್ಲಮ್ಮ ಆಗಲೇ ಚೀಲ ಹಿಡಿದು ಕೂತಿದ್ದಳು.

“ಹೊರಡೋದು ಬೆಳಗ್ಗೆ ಕಣಜ್ಜಿ.”

“ಗೊತ್ತು. ಹಾಳಾದ ಜೀಪಿಗೆ ಅಷ್ಟು ದೂರ ನಡೆದ್ರಲ್ಲ, ಇದು ಹೊರಡುತ್ತೋ ಇಲ್ವೋ ಅಂತ ಕೂತು ನೋಡ್ದೆ.”

“ಹೊರಡುತ್ತೆ.”

“ಗುಂಡೀಲಿ ಬಿದ್ದಿರೋದರ ಹಾರನ್ನೂ ಚೆನ್ನಾಗೇ ಇತ್ತು, ಬಿಚ್ಚಿ ತರಬಹುದಿತ್ತು,” ಎಂದ ಗಿರಿ, ಕಾಲಿನ ಉಂಬಳ ಕೀಳುತ್ತ.