ಅನ್ನ ಕೊಂದ ಕೈ

“ಹಾಕಬ್ಯಾಡ ತಂಗಿ. ನಿನ್ನ ಕಾಲಿಗೆ ಬೀಳ್ತೀನಿ, ಅದರ ಮ್ಯಾಲೆ ಅದನ್ನ ಹಾಕಬ್ಯಾಡ.”

ಗೌರಕ್ಕ ಹೋಟೆಲಿನ ಹಿಂಬಾಗಿಲಿನ ಮೆಟ್ಟಿಲ ಕೆಳಗೆ ಬಿಸಿಲಿನಲ್ಲಿ ನಿಂತಿದ್ದಳು. ರೊಟ್ಟಿ ಬಡಿದ ಹಿಟ್ಟು ಮೊಣಕೈವರೆಗೂ ಒಣಗಿ ಬಿಳಿಚಿಕೊಂಡಿತ್ತು. ತೊಳೆದುಕೊಳ್ಳುವಷ್ಟೂ ತಡೆಯದೆ ರಸ್ತೆ ದಾಟಿ ಓಡಿ ಬಂದಿದ್ದಳು. ಶಾಂಭವಿಯ ಕೈಯಲ್ಲಿ ಫಿನಾಯಿಲ್ ಡಬ್ಬಿ. ಎದುರಿಗೆ ನೀಲಿ ಡ್ರಮ್ಮು. ಅದರೊಳಗೆ ಮಧ್ಯಾಹ್ನ ಮಾರಾಟವಾಗದೆ ಉಳಿದ ಬನ್ನುಗಳು, ಕರಿದ ಆಲೂಗಡ್ಡೆ, ಯಾರೂ ಮುಟ್ಟದ ಪಿಜ್ಜಾ. ಇನ್ನೂ ಸಣ್ಣಗೆ ಹಬೆಯಾಡುತ್ತಿದ್ದವು.

“ಇದು ಕಂಪನಿ ರೂಲ್ಸು ಗೌರಕ್ಕ. ಯಾರಾದರೂ ಎತ್ತಿಕೊಂಡು ಹೋಗಿ ತಿಂದು ಹೊಟ್ಟೆ ಕೆಟ್ಟರೆ ಕೇಸು ನಮ್ಮ ಮೇಲೆ ಬರುತ್ತೆ. ಫಿನಾಯಿಲ್ ಸುರಿದರೆ ಯಾರೂ ಮುಟ್ಟೋದಿಲ್ಲ.”

“ನಾಯಿಗೆ ಹಾಕು. ಮಣ್ಣಾಗ ಹೂಳು. ಅನ್ನ ಅದು, ಕೊಲ್ಲಬ್ಯಾಡ.” ಗೌರಕ್ಕ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು. “ನಮ್ಮವರು ಬೆಣ್ಣಿಹಳ್ಳದ ದಂಡಿ ಮಾಟಗಾರನ ಕಡೆ ಹೋಗಿ ಬಂದಾರವಾ. ನಿನ್ನ ಹೋಟೆಲ್ಲಿಗೆ ಮಾಟ ಮಾಡಿಸ್ಯಾರ. ನೀ ನಿಂತ ಕಲ್ಲಿನ ಕೆಳಗ ಹುಗದಾರ. ಅದು ಎಲ್ಲಾರಿಗೂ ಹತ್ತೂದಿಲ್ಲ, ಅನ್ನ ಕೊಂದ ಕೈಗಷ್ಟ ಹತ್ತತೈತಿ ಅಂತ. ಇವರು ಹೇಳಿದ್ದು ನಾನ ಕಿವಿಯಾರೆ ಕೇಳೀನಿ.”

ಶಾಂಭವಿಗೆ ನಗು ತಡೆಯಲಾಗಲಿಲ್ಲ. “ನಿಮ್ಮ ಯಜಮಾನರು ನನ್ನಿಂದ ತಿಂಗಳಾ ಬಾಡಿಗೆ ಎಣಿಸಿಕೊಂಡು, ನನಗೇ ಮಾಟ ಮಾಡಿಸಿದರಾ?”

“ಬಾಡಗಿ ಬ್ಯಾರೆ, ಧಂದೆ ಬ್ಯಾರೆ ಅಂತಾರವಾ ಅವರು.”

“ಚೆನ್ನಾಗಿದೆ. ಹಾಗಾದರೆ ಅವರ ಮಾಟಕ್ಕೂ ಒಂದು ಮುಚ್ಚಳ ಫಿನಾಯಿಲ್ ಇರಲಿ.”

ಡ್ರಮ್ಮಿಗೆ ಸುರಿದು, ಉಳಿದದ್ದನ್ನು ಅವಳು ಕಾಲಡಿಯ ಕಲ್ಲಿಗೂ ಹೊಯ್ದಳು. ಹಸಿ ಕಲ್ಲಿನ ಮೇಲೆ ಫಿನಾಯಿಲ್ ಹಾಲಿನಂತೆ ಬೆಳ್ಳಗಾಯಿತು. ಅಂಚಿನಿಂದ ಇಳಿದು ಎರೆಮಣ್ಣಿನ ಬಿರುಕಿನೊಳಗೆ ಹೋಯಿತು. ಒಳಗಿನಿಂದ ಗುಟುಕರಿಸಿದ ಸಪ್ಪಳ ಬಂತು, ತುಂಬ ಬಾಯಾರಿದವರು ಕುಡಿದ ಹಾಗೆ.

ಗೌರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ನವಲಗುಂದದ ಹೊರಗೆ, ಹುಬ್ಬಳ್ಳಿ ರಸ್ತೆಯಲ್ಲಿ, ಎರಡೂ ಹೋಟೆಲುಗಳು ಎದುರುಬದುರು ನಿಂತಿದ್ದವು. ಈಚೆ ಗೌರಕ್ಕನ ಗಂಡ ಸಂಗನಬಸಪ್ಪನ ಖಾನಾವಳಿ: ತಗಡಿನ ಮಾಡು, ಹೊಗೆ ಹಿಡಿದ ಗೋಡೆ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಆಚೆ ದೇಶದ ತುಂಬ ಒಂದೇ ಫಲಕ ತೂಗುಹಾಕಿಕೊಂಡ ಕಂಪನಿ ಹೋಟೆಲು. ಹುಬ್ಬಳ್ಳಿಯಲ್ಲಿ ಆ ಫಲಕ ಎದ್ದ ಓಣಿಗಳಲ್ಲಿ ಹಳೆಯ ಖಾನಾವಳಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಸಂಗನಬಸಪ್ಪ ಕಣ್ಣಾರೆ ಕಂಡಿದ್ದ. ಈಗ ತನ್ನ ಖಾಯಂ ಗಿರಾಕಿಗಳೇ ಮಕ್ಕಳ ಕೈ ಹಿಡಿದು, ಅವನ ಕಡೆ ನೋಡದೆ, ಆ ಗಾಜಿನ ಬಾಗಿಲು ದೂಡುತ್ತಿದ್ದರು.

ಹೋಟೆಲು ನಡೆಸಲು ಶಾಂಭವಿ ತುಮಕೂರಿನಿಂದ ಬಂದವಳು. ಗಂಡನ ಕೆಲಸ ಸೂರತ್ತಿನಲ್ಲಿ. ಮಡಿಲಲ್ಲಿ ಇನ್ನೂ ವರ್ಷ ತುಂಬದ ಇಂಚರಾ. ಬಾಡಿಗೆಗೆ ಸಿಕ್ಕಿದ್ದು ಖಾನಾವಳಿಯ ಹಿಂದಿನ ಕೋಣೆಯೇ. ಹಗಲು ಕೂಸನ್ನು ಎಲ್ಲಿ ಬಿಡುವುದೆಂದು ಅವಳು ಕೇಳುವ ಮೊದಲೇ ಗೌರಕ್ಕ ಅಡುಗೆಮನೆಯ ತೊಲೆಗೆ ತನ್ನ ಹಳೆಯ ಇಳಕಲ್ ಸೀರೆಯ ಜೋಲಿ ಕಟ್ಟಿದ್ದಳು. ಹೊಗೆ ತಾಗಬಾರದೆಂದು ಒಲೆಯನ್ನೇ ಇನ್ನೊಂದು ಮೂಲೆಗೆ ಸರಿಸಿದ್ದಳು. “ವೈರಿ ಕೂಸಿಗೆ ಜೋಲಿ ಕಟ್ಟೀಯಲ್ಲ” ಎಂದು ಗಂಡ ಗೊಣಗಿದರೆ, “ಕೂಸಿಗೆ ಯಾವ ಕಂಪನೀರಿ?” ಎಂದು ಜೋಲಿ ತೂಗುತ್ತಲೇ ಕೇಳಿದ್ದಳು.

ಆ ಸಂಜೆ ಶಾಂಭವಿ ಚಹಾ ಬಾಯಿಗಿಟ್ಟು ಉಗುಳಿದಳು. ಚಹಾದಲ್ಲಿ ಫಿನಾಯಿಲ್.

ಕೈಗೆ ಅಂಟಿರಬೇಕು ಅಂದುಕೊಂಡಳು. ಸೋಪು ಹಚ್ಚಿ, ಲಿಂಬೆಹಣ್ಣು ಉಜ್ಜಿ ತೊಳೆದಳು. ಬಿಸ್ಕತ್ತು ಮುರಿದಳು, ಅದರಲ್ಲೂ ಅದೇ. ನೀರಿನಲ್ಲೂ.

“ರೂಬಿನಾ, ವಾಸನೆ ಬರ್ತಿದೆಯಾ ನಿನಗೆ?”

ಕೌಂಟರಿನ ಹುಡುಗಿ ರೂಬಿನಾ ಮೂಗರಳಿಸಿದಳು. “ಇಲ್ರಿ ಮೇಡಂ.” ಶಾಂಭವಿ ಕೊಟ್ಟ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡಳು. ಮರುಗಳಿಗೆಯೇ ಬೇಸಿನ್ನಿನ ಕಡೆ ಓಡಿದಳು. ತಿರುಗಿ ಬಂದಾಗ ಕಣ್ಣಲ್ಲಿ ನೀರು. “ಏನ್ ಹಾಕಿ ಕೊಟ್ರಿ ಮೇಡಂ? ಚಾಷ್ಟಿ ಮಾಡಾಕೂ ಒಂದ್ ಮಿತಿ ಇರ್ತೈತಿ!” ಅದೇ ಪೊಟ್ಟಣದಿಂದ ತಾನೇ ತೆಗೆದ ಬಿಸ್ಕತ್ತು ಅವಳಿಗೆ ಸರಿಯಾಗಿಯೇ ಇತ್ತು.

ಶಾಂಭವಿ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಏನೂ ಇರಲಿಲ್ಲ.

ಮನೆಗೆ ಹೋಗಿ ಕೂಸಿಗೆ ಹಾಲೂಡಲು ಕುಳಿತಳು. ಇಂಚರಾ ಹಸಿದು ಬಾಯಿ ಹಾಕಿತು. ಒಂದು ಗುಟುಕು. ಮುಖ ಕಿವುಚಿ, ಮೈಯೆಲ್ಲ ಸೆಟೆದು, ಎದೆಯನ್ನು ಎರಡೂ ಕೈಗಳಿಂದ ದೂಡಿತು. ಬಾಯಂಚಿನಿಂದ ಹಾಲು ಬೆಳ್ಳಗೆ ಇಳಿಯಿತು. ಕೋಣೆಯ ತುಂಬ ಆ ಘಾಟು.

ಮರುದಿನ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋದಳು. ರಕ್ತ ನೋಡಿದರು, ಗಂಟಲು ನೋಡಿದರು. ಎಲ್ಲ ಸರಿ ಇದೆ ಎಂದರು. ಡಾಕ್ಟರು ಕೊಟ್ಟ ಡ್ರಾಪ್ಸನ್ನು ಅವಳೇ ಬಾಯಿಗೆ ಬಿಟ್ಟಳು, ಕೂಸು ಅದನ್ನೂ ಕಕ್ಕಿತು.

ಗೌರಕ್ಕ ಬಸ್ಸಿಳಿದವಳ ಮುಖ ನೋಡಿ ಕೂಸನ್ನು ಇಸಿದುಕೊಂಡಳು. ರಾಗಿ ಅಂಬಲಿಯಲ್ಲಿ ಬೆರಳು ಅದ್ದಿ ತುಟಿಗೆ ಮುಟ್ಟಿಸಿದಳು. ಇಂಚರಾ ಬೆರಳನ್ನೇ ಕಚ್ಚಿ ಚೀಪಿತು. ಬಟ್ಟಲು ಖಾಲಿಯಾಗುವವರೆಗೆ ತಿಂದಿತು. ಶಾಂಭವಿ ಗೋಡೆಗೆ ಒರಗಿ ಅತ್ತುಬಿಟ್ಟಳು. ಗೌರಕ್ಕ ಅವಳಿಗೂ ತುತ್ತು ಮಾಡಿ ಬಾಯಿಗಿಟ್ಟಳು. ರೊಟ್ಟಿಯಲ್ಲಿ ರೊಟ್ಟಿಯದೇ ರುಚಿ ಇತ್ತು.

ಆದರೆ ಮಾಟ ಅಷ್ಟಕ್ಕೇ ನಿಲ್ಲಲಿಲ್ಲ. ಶಾಂಭವಿ ಎತ್ತಿಕೊಂಡರೆ, ಸ್ನಾನ ಮಾಡಿಸಿದರೆ, ಕೆನ್ನೆಗೊಂದು ಮುತ್ತು ಕೊಟ್ಟರೆ ಸಾಕು, ಕೂಸಿನ ಬಾಯಿಯೊಳಗೂ ಆ ವಾಸನೆ ಹುಟ್ಟುತ್ತಿತ್ತು. ಆಮೇಲೆ ಗೌರಕ್ಕನ ಅಂಬಲಿಯನ್ನೂ ಅದು ಉಗುಳುತ್ತಿತ್ತು. ತಾಯಿ ದೂರವಿದ್ದರೆ ಅಮ್ಮಾ ಎಂದು ಅತ್ತು ಅತ್ತು ತಿನ್ನದು. ಹತ್ತಿರ ಬಂದರೆ ತಿನ್ನಲಾರದು. ಕೂಸಿನ ಕಣ್ಣು ಗುಳಿ ಬಿದ್ದವು. ಅಳುವ ದನಿ ಬೆಕ್ಕಿನ ಮರಿಯದಷ್ಟು ಸಣ್ಣಗಾಯಿತು.

ಶಾಂಭವಿ ಫಿನಾಯಿಲ್ ಸುರಿಯುವುದನ್ನು ನಿಲ್ಲಿಸಿದ್ದಳು. ಅದರಿಂದ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಸಾಮಾನು ತೆಗೆಯಲು ಕೋಲ್ಡ್ ರೂಮಿಗೆ ಹೋದಳು. ಬೆನ್ನ ಹಿಂದೆ ದಪ್ಪ ಬಾಗಿಲು ಮುಚ್ಚಿಕೊಂಡಿತು. ದೀಪ ಆರಿತು. ಕತ್ತಲೆ. ಮೂಳೆ ಕೊರೆಯುವ ತಂಪು. ಮೊದಲು ವಾಸನೆ ಬಂತು. ಹಳಸಿದ ಹಿಟ್ಟು, ಕಮಟು ಎಣ್ಣೆ, ಅದರ ಮೇಲೆ ಫಿನಾಯಿಲ್. ಆಮೇಲೆ ಸಪ್ಪಳ. ಯಾರೋ ಜಗಿಯುತ್ತಿದ್ದರು. ಮೂಲೆಯಲ್ಲಿ. ಇಲ್ಲ, ಬಾಜೂಕೇ. ಒಬ್ಬರಲ್ಲ. ಎಷ್ಟೋ ಬಾಯಿಗಳು. ಜಗಿಯುತ್ತವೆ, ಉಗುಳುತ್ತವೆ, ಮತ್ತೆ ಜಗಿಯುತ್ತವೆ. ಅವಳು ಹಿಡಿಕೆ ತಡಕಿದಳು. ಸಿಗಲಿಲ್ಲ. ಪಾದ ಒದ್ದೆಯಾಯಿತು. ಹಿಮ್ಮಡಿ ಮುಳುಗಿತು. ಅಂಗೈಗೆ ಏನೋ ತಾಗಿತು. ಮೆತ್ತಗೆ. ಬೆಚ್ಚಗೆ. ತುಟಿಗಳು. ಅವಳ ಬೆರಳನ್ನು ಚೀಪುತ್ತಿದ್ದವು. ಹಸಿದ ಕೂಸಿನಂತೆ.

ಚೀರು ಕೇಳಿ ರೂಬಿನಾ ಬಾಗಿಲು ತೆಗೆದಾಗ ದೀಪ ಉರಿಯುತ್ತಿತ್ತು. ನೆಲ ಒಣಗಿತ್ತು. ಶಾಂಭವಿ ಬರಿಗಾಲಲ್ಲೇ ರಸ್ತೆ ದಾಟಿ ಖಾನಾವಳಿಗೆ ನುಗ್ಗಿದಳು.

“ತೆಗೀರಿ! ನೀವು ಮಾಡಿಸಿದ್ದನ್ನು ತೆಗೀರಿ! ನನ್ನ ಮಗು ಸಾಯ್ತಿದೆ!”

ದುಡ್ಡಿನ ಗಲ್ಲೆಯ ಮುಂದೆ ಕುಳಿತಿದ್ದ ಸಂಗನಬಸಪ್ಪನ ಮುಖ ಬೂದಿಯಾಯಿತು. “ಕೂಸಿಗೆ ಅಂತ ನಾ ಮಾಡಿಸಿಲ್ಲವಾ. ಲಿಂಗದಾಣೆ. ನಿಮ್ಮ ಹೋಟೆಲ್ ರುಚಿ ಕೆಡ್ಲಿ, ನಾಕ ಮಂದಿ ನನ್ನ ಕಡೆ ಹೊಳ್ಳಿ ಬರ್ಲಿ ಅಂತ ಅಷ್ಟ.”

“ನಿಮ್ಮ ಗಲ್ಲೆ ಹೊಟ್ಟಿ ತುಂಬಿಸಾಕ ಕೂಸಿನ ಹೊಟ್ಟಿ ಬೇಕಾತೇನ್ರಿ?” ಅಡುಗೆಮನೆಯಿಂದ ಗೌರಕ್ಕ ಎಂದಳು. ಅವಳು ಗಂಡನಿಗೆ ಹಾಗೆ ಅಂದದ್ದನ್ನು ಯಾರೂ ಕೇಳಿರಲಿಲ್ಲ. “ಏಳ್ರಿ. ಈಗಿಂದೀಗ ಹೋಗಿ ಕೇಳಿ ಬರ್ರಿ.”

ಅವನು ಬೈಕು ಹತ್ತಿ ಹಳ್ಳದ ದಂಡೆಗೆ ಹೋದ. ಹೊತ್ತು ಮುಳುಗುವಾಗ ಬಂದವನು ಒಳಗೆ ಬರದೆ ಕಟ್ಟೆಯ ಮೇಲೇ ಕುಳಿತ.

“ಅಳಸಾಕ ಬರೂದಿಲ್ಲಂತ. ಇನ್ನೊಬ್ರ ಕೈಗೆ ದಾಟಸಾಕ ಮಾತ್ರ ಬರ್ತೈತಿ. ತಾವಾಗಿ ಬೇಡಿ ತಗೋಬೇಕು. ಅದೂ ಮಂದಿಗೆ ಉಣಿಸಿದ ಕೈನ ಆಗಬೇಕಂತ.” ತನ್ನ ಕೈಗಳನ್ನು ನೋಡಿಕೊಂಡ. “ನನ್ನ ಕೈ ನಡೀತೈತೇನು ಅಂತ ಕೇಳ್ದೆ. ಅಂವಾ ನಕ್ಕ. ಗಲ್ಲೆ ಎಣಿಸಿದ ಕೈ ಅಂದ.”

ಜೋಲಿಯಲ್ಲಿ ಕೂಸು ಒಂದು ಸಲ ಕುಂಯ್‌ಗುಟ್ಟಿತು.

“ನಾನ ತಗೋತೀನಿ” ಎಂದಳು ಗೌರಕ್ಕ.

“ಹುಚ್ಚ ಹಿಡದೈತೇನ ನಿನಗ? ನೀ ರೊಟ್ಟಿ ಬಡೀದಿದ್ರ ಈ ಖಾನಾವಳಿ ಎಲ್ಲಿ ಉಳೀತು?”

“ಅದನ್ನ ಹಳ್ಳದ ದಂಡಿಗೆ ಹೋಗೂ ಮುಂದ ವಿಚಾರ ಮಾಡಬೇಕಿತ್ತು ನೀವು.”

ಶಾಂಭವಿ ಬೇಡ ಎನ್ನಬೇಕಿತ್ತು. ಬಾಯಿ ತೆರೆದಳು. ಕೂಸು ಮತ್ತೊಮ್ಮೆ ನರಳಿತು. ಅವಳು ಬಾಯಿ ಮುಚ್ಚಿದಳು.

ಮಾಟಗಾರ ಹೇಳಿಕೊಟ್ಟಂತೆ ಅಮಾವಾಸ್ಯೆಯ ಮಧ್ಯಾಹ್ನ ಖಾನಾವಳಿಯ ಅಡುಗೆಮನೆಯ ಬಾಗಿಲು, ಬೆಳಕಿಂಡಿ ಎಲ್ಲ ಮುಚ್ಚಿದರು. ಹೊರಗೆ ರಣಬಿಸಿಲು, ಒಳಗೆ ಒಲೆಯ ಕೆಂಪು ಮಾತ್ರ. ಸಂಗನಬಸಪ್ಪ ಮೆಟ್ಟಿಲ ಕಲ್ಲು ಎಬ್ಬಿಸಿ ತಂದ ಕರಿ ಬಟ್ಟೆಯ ಗಂಟನ್ನು ಬಿಚ್ಚಿದ. ಸೂಜಿ ಚುಚ್ಚಿದ ಲಿಂಬೆಹಣ್ಣು. ಒಂದು ಹಿಡಿ ಜೋಳ. ಅಷ್ಟೂ ಮೊಳೆತಿತ್ತು. ಬಿಳಿಯ ಮೊಳಕೆಗಳು ಕೂಸಿನ ಬೆರಳಿನ ಹಾಗೆ ಸುತ್ತಿಕೊಂಡಿದ್ದವು. ತುದಿಗಳಿಂದ ಬೆಳ್ಳನೆಯದೇನೋ ತೊಟ್ಟಿಕ್ಕುತ್ತಿತ್ತು. ಅವನು ರೊಟ್ಟಿ ನಾದುವ ಕೊಣಮಿಗೆಯಲ್ಲಿ ಹಿಟ್ಟು, ನೀರು ಹಾಕಿ, ಗಂಟನ್ನು ಅದರೊಳಗೆ ಕೊಡವಿ, ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟ.

ಇಬ್ಬರೂ ಹಿಟ್ಟಿನೊಳಗೆ ಕೈ ಇಳಿಸಿದರು. ಕೆಳಗೆ ಶಾಂಭವಿಯ ಕೈ, ಮೇಲೆ ಗೌರಕ್ಕನದು.

“ನನಗ ಕೊಡು” ಎಂದಳು ಗೌರಕ್ಕ.

‘ತಗೋ’ ಅನ್ನಬೇಕಿತ್ತು ಶಾಂಭವಿ. ಅಷ್ಟೇ. ಹಿಟ್ಟು ತಣ್ಣಗಾಯಿತು. ಒಳಗೆ ಏನೋ ಹೊರಳಿತು. ಒಲೆಯ ಬೆಂಕಿ ನೀಲಿಗಟ್ಟಿತು. ಸುತ್ತಲೂ ಜಗಿಯುವ ಸಪ್ಪಳ. ಹತ್ತಿರ. ಇನ್ನೂ ಹತ್ತಿರ. ತನ್ನ ಕೈಯ ಮೇಲೆ ಆ ಒರಟು ಅಂಗೈ. ಬೆಂಕಿ ಸುಟ್ಟ ಕಲೆಗಳು. ಬೆಳಗಿನ ಜಾವ ಎದ್ದು ಬಡಿದ ಎಷ್ಟೋ ವರ್ಷದ ರೊಟ್ಟಿಗಳು. ಎಳೆದುಕೊಳ್ಳಬಹುದು. ಈಗಲೂ ಕೈ ಎಳೆದುಕೊಳ್ಳಬಹುದು. ಜೋಲಿ ಅಲುಗಿತು. ದನಿ ಬರಲಿಲ್ಲ. ಉಸಿರೂ ಕೇಳಲಿಲ್ಲ.

“ಲಗೂ ಅನ್ನ ಯವ್ವಾ” ಎಂದಳು ಗೌರಕ್ಕ ಮೆಲ್ಲಗೆ.

“ತಗೋ.”

ಹಿಟ್ಟು ಕುದಿಯಿತು. ಗೌರಕ್ಕನ ಗಂಟಲಿನಿಂದ ಒಂದು ಸಣ್ಣ ಉಸಿರು ಹೊರಟಿತು. ಬೆಂಕಿ ಮತ್ತೆ ಕೆಂಪಾಯಿತು. ಸಪ್ಪಳ ನಿಂತಿತು.

ಶಾಂಭವಿ ಕೈ ತೊಳೆಯುವುದನ್ನೂ ಮರೆತು ಜೋಲಿಯಿಂದ ಕೂಸನ್ನು ಎತ್ತಿ ಎದೆಗೆ ಹಚ್ಚಿದಳು. ಇಂಚರಾ ಬಾಯಿ ಹಾಕಿತು. ಒಂದು ಗುಟುಕು. ಇನ್ನೊಂದು. ಕಣ್ಣು ಮುಚ್ಚಿಕೊಂಡು ಕುಡಿಯತೊಡಗಿತು.

ಅಷ್ಟರಲ್ಲಿ ಹೊರಗೆ ಗಿರಾಕಿಗಳು ಬಂದು ಕುಳಿತಿದ್ದರು. “ಗೌರಕ್ಕಾ, ಊಟಕ್ಕ ಹಾಕ್ತೀಯೋ, ಎದುರಿಗೆ ಹೋಗೂಣೋ?” ಎಂದು ಒಬ್ಬ ಕಂಡಕ್ಟರು ಚೇಷ್ಟೆ ಮಾಡಿದ. ಇಷ್ಟು ವರ್ಷದ ರೂಢಿ. ಗೌರಕ್ಕ “ಬಂದೆ, ಬಂದೆ” ಎಂದು ಬೆಳಿಗ್ಗೆ ಬಡಿದಿಟ್ಟ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಹೊರಗೆ ನಡೆದೇಬಿಟ್ಟಳು. ಗಂಡ ಕೂಗುವುದರೊಳಗೆ ತಟ್ಟೆಗಳಿಗೆ ರೊಟ್ಟಿ ಬಿದ್ದಿತ್ತು.

ಕಂಡಕ್ಟರು ಮೊದಲ ತುತ್ತನ್ನೇ ನೆಲಕ್ಕೆ ಉಗುಳಿದ. ಪಕ್ಕದವನು ಎದ್ದು ನಿಂತ. ಒಬ್ಬೊಬ್ಬರಾಗಿ ತಟ್ಟೆ ದೂಡಿದರು. “ಏನಾತು ಗೌರಕ್ಕಾ ನಿನ್ನ ಕೈಗೆ?” ಎಂದು ಯಾರೋ ಕೇಳಿದರು. ಅವಳು ಬುಟ್ಟಿ ಹಿಡಿದು ನಿಂತೇ ಇದ್ದಳು. ಹಸಿದ ಮಂದಿ ಬಾಯಿ ಒರೆಸಿಕೊಳ್ಳುತ್ತ ರಸ್ತೆ ದಾಟಿ ಗಾಜಿನ ಬಾಗಿಲು ದೂಡಿದರು.

ಖಾನಾವಳಿ ಮುಚ್ಚಿತು. ಎದುರಿನ ಹೋಟೆಲಿನಲ್ಲಿ ಕೂರಲು ಜಾಗವಿಲ್ಲದಷ್ಟು ಜನ. ಮೇಲಿನವರು ಶಾಂಭವಿಯನ್ನು ಹೊಗಳಿ ಮೇಲ್ ಕಳಿಸಿದರು. ಉಳಿದ ತಿಂಡಿಯನ್ನು ಈಗ ಅವಳು ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿನ ಮಂದಿಗೆ ಕಳಿಸುತ್ತಿದ್ದಳು. ಗೌರಕ್ಕ ತನ್ನ ಕೈಯಿಂದ ತಾನೇ ಉಣ್ಣುವಂತಿರಲಿಲ್ಲ. ಸಂಗನಬಸಪ್ಪ ಬಡಿದ ರೊಟ್ಟಿ ಹರಿದು ಚೂರಾಗುತ್ತಿತ್ತು. ಉಣಿಸಲು ಹೋದರೆ ಅರ್ಧ ತುತ್ತು ಅವಳ ಸೆರಗಿಗೆ ಬೀಳುತ್ತಿತ್ತು. ಅದಕ್ಕೇ ಮಧ್ಯಾಹ್ನದ ಹೊತ್ತು ಶಾಂಭವಿ ಕೂಸನ್ನು ಸೊಂಟಕ್ಕೆ ಹಾಕಿಕೊಂಡು, ಅನ್ನ ಸಾರು ಮಾಡಿಕೊಂಡು ಬರುತ್ತಿದ್ದಳು.

ಒಂದು ದಿನ ಹಾಗೆಯೇ ತುತ್ತು ಮಾಡಿ ಇಡುತ್ತಿದ್ದಾಗ, “ಉಪ್ಪು ಕಡಿಮಿ ಆಗೇತಿ ನೋಡವಾ” ಎಂದು ಗೌರಕ್ಕ ನಕ್ಕಳು. ಆ ದನಿ ಕೇಳಿ ಇಂಚರಾ ಕೇಕೆ ಹಾಕಿತು. ಹಸಿದ ದಿನಗಳಲ್ಲಿ ತನ್ನ ತುಟಿಗೆ ಅಂಬಲಿ ಮುಟ್ಟಿಸಿದ ಆ ಬೆರಳುಗಳನ್ನು ಗುರುತು ಹಿಡಿದು, ಬಾಯಿ ತೆರೆದು, ತಾಯಿಯ ಸೊಂಟದಿಂದ ಅವಳ ಕಡೆ ಬಗ್ಗಿತು. ಗೌರಕ್ಕನ ಕೈ ತಾನಾಗಿ ಮೇಲೆದ್ದಿತು.

ಶಾಂಭವಿ ಕೂಸನ್ನು ರಪ್ಪನೆ ಹಿಂದಕ್ಕೆ ಎಳೆದುಕೊಂಡಳು.

ಎಳೆದ ರಭಸಕ್ಕೆ ಅನ್ನದ ತಟ್ಟೆ ಮಗುಚಿ ಬಿತ್ತು. ಕೂಸು ಅಳತೊಡಗಿತು.

ಗೌರಕ್ಕ ಎರಡೂ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿಕೊಂಡಳು.

“ಛಲೋ ಮಾಡಿದಿ ಯವ್ವಾ” ಎಂದಳು. “ಹಿಂಗ ದೂರ ಹಿಡದಿರು.”