ಅರ್ಧ ಉಳಿದ ದೋಸೆ

"ದೋಸೆಯಲ್ಲಿ ಎಂತ ಕುಂದು ಉಂಟು, ಹೇಳಿ."

ರಮಾಮಣಿ ತಲೆಯೆತ್ತಿದಳು. ಮಾಟುಂಗಾ ಸ್ಟೇಷನ್ ಎದುರಿನ ಆ ಹೋಟೆಲಿನಲ್ಲಿ ಅಕ್ಕಪಕ್ಕದವರೆಲ್ಲ ತಿರುಗಿ ನೋಡುತ್ತಿದ್ದರು. ಮಾಲೀಕ ಸೀತಾರಾಮ ಭಟ್ಟ ಕಾವಲಿಯ ಮುಂದಿನಿಂದ ನೇರ ಎದ್ದು ಬಂದಿದ್ದ. ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಹಾಗೇ ಇತ್ತು.

"ಕುಂದೇನಿಲ್ಲ," ಅಂದಳು ಅವಳು.

"ಮತ್ತೆ ಬಿಟ್ಟದ್ದು ಯಾಕೆ? ನಿನ್ನೆಯೂ ಬಿಟ್ರಿ, ಮೊನ್ನೆಯೂ ಬಿಟ್ರಿ."

"ನನ್ನ ತಟ್ಟೆ, ನನ್ನಿಷ್ಟ ಭಟ್ರೇ."

"ತಟ್ಟೆ ನನ್ನದು. ದೋಸೆ ಮಾತ್ರ ನಿಮ್ಮದು."

ಎಲಾ ಇವನ... ಎಷ್ಟು ಜಂಬ! ಅವಳಿಗೆ ಸಿಟ್ಟು ಬರಬೇಕಿತ್ತು. ಆದರೆ ಅವನ ಕಣ್ಣಿನಲ್ಲಿ ಜಗಳವಿರಲಿಲ್ಲ, ನೋವಿತ್ತು.

ಪಾಪ, ಅವನ ತಪ್ಪೂ ಅಲ್ಲ. ಉಡುಪಿ ಹೋಟೆಲಿನವರು ಗಿರಾಕಿಯ ಬಾಯಿಮಾತನ್ನು ನಂಬುವುದಿಲ್ಲ, ತಟ್ಟೆಯನ್ನು ನಂಬುತ್ತಾರೆ. ಅರ್ಧ ಉಳಿದರೆ ಅಡುಗೆಯವನಿಗೆ ಮುಖಕ್ಕೆ ಹೊಡೆದ ಹಾಗೆ.

ನಿಜ ಸಂಗತಿ ರಮಾಮಣಿಗೆ ಮಾತ್ರ ಗೊತ್ತಿತ್ತು. ಐವತ್ತೈದನೇ ಇಸವಿಯ ಕೊನೆಯಲ್ಲಿ ಹೊಟ್ಟೆಹುಣ್ಣು ವಿಪರೀತವಾಗಿ, ಡಾಕ್ಟರು ಅವಳ ಹೊಟ್ಟೆಯ ಚೀಲದ ಮುಕ್ಕಾಲು ಭಾಗ ಕತ್ತರಿಸಿ ತೆಗೆದಿದ್ದರು. ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಅವಳನ್ನು ಎಲ್ಲರೂ ಬೆನ್ನ ಹಿಂದೆ 'ಗುಂಡಮ್ಮ' ಅನ್ನುತ್ತಿದ್ದರು. ಮುಂದಿನ ದೀಪಾವಳಿಯ ಹೊತ್ತಿಗೆ ಆ ಗುಂಡಮ್ಮ ಅರ್ಧವಾಗಿದ್ದಳು.

ನೋವು ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರು, ಹೋಯಿತು. ಹೇಳದೇ ಇದ್ದದ್ದು ಬೇಕಾದಷ್ಟಿತ್ತು.

ಲೋಕಲ್ ರೈಲಿನ ಮರದ ಸೀಟು ಈಗ ಮೂಳೆಗೆ ಒತ್ತುತ್ತಿತ್ತು. ಮೇ ತಿಂಗಳಲ್ಲೂ ಫ್ಯಾನಿನ ಕೆಳಗೆ ಶಾಲು ಬೇಕಾಗುತ್ತಿತ್ತು. ಸಕ್ಕರೆ ಹಾಕಿದ ಕಾಫಿ ಕುಡಿದರೆ ಮೈ ಬೆವೆತು, ಎದೆ ಢವಢವ ಹೊಡೆದು, ಮಲಗಿಬಿಡಬೇಕಿತ್ತು. ಸೋದರಮಾವ ದಾದರ್ ಸ್ಟೇಷನ್ನಿನಲ್ಲಿ ಗುರುತು ಸಿಗದೆ ಅವಳ ಎದುರೇ ನಿಂತು ಅವಳನ್ನೇ ಹುಡುಕಿದ್ದ. ರೈಲಿನಲ್ಲಿ ಮೊದಲು ಜಾಗವಿದ್ದರೂ ಸರಿಯದ ಹೆಂಗಸರು ಈಗ "ಇಧರ್ ಬೈಠೋ" ಅಂತ ಪಕ್ಕಕ್ಕೆ ಕರೆದು ಕೂರಿಸುತ್ತಿದ್ದರು. ಈ ಮರ್ಯಾದೆ ಆಗ ಎಲ್ಲಿಗೆ ಹೋಗಿತ್ತು ಅಂತ ಅವಳಿಗೆ ಒಳಗೊಳಗೇ ಉರಿಯುತ್ತಿತ್ತು. ಕೂರುವಾಗ ಮಾತ್ರ ರಾಣಿಯ ಹಾಗೆ ಕೂರುತ್ತಿದ್ದಳು!

ವಡಾಲದ ಅಣ್ಣನ ಮನೆಯಲ್ಲಿ ಅತ್ತಿಗೆ ಸರಸ್ವತಿಯದು ಒಂದೇ ರಾಗ. "ಆಪರೇಷನ್ ವಿಷಯ ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ ರಮಾ. ಈಗ ಗಂಡುಗಳು ತಾವಾಗಿ ಕೇಳ್ಕೊಂಡು ಬರ್ತಿದಾರೆ."

ಅದಕ್ಕೇ ಅವಳು ಬಾಯಿ ಬಿಟ್ಟಿರಲಿಲ್ಲ.

ಮರುವಾರ ಸೀತಾರಾಮ ತಾನೇ ಒಂದು ತಟ್ಟೆ ಹಾಲುಬಾಯಿ ತಂದಿಟ್ಟ.

"ಇದಾದ್ರೂ ತಿನ್ನಿ. ಬೆಲ್ಲ ನಮ್ಮ ಊರಿನದ್ದು."

"ಸಿಹಿ ತಿನ್ನಲ್ಲ ಭಟ್ರೇ."

ಅವನು ನಿಟ್ಟುಸಿರು ಬಿಟ್ಟು ಎದುರಿನ ಬೆಂಚಿನಲ್ಲಿ ಕೂತ. "ಒಬ್ರು ಬರ್ತಿದ್ರು. ಶನಿವಾರ, ಆಫೀಸು ಬಿಟ್ಟ ಮೇಲೆ. ಅಗೋ, ಫ್ಯಾಮಿಲಿ ರೂಮಿನ ಆ ಮೂಲೆಯಲ್ಲಿ. ಒಳ್ಳೆ ದಪ್ಪ. ದೋಸೆಯ ತುದಿ ಮುರಿದು, ಮೊದಲು ಚಟ್ನಿಯಿಲ್ಲದೆ, ಕಣ್ಣು ಮುಚ್ಚಿ ತಿನ್ನುವುದು. ಒಂದು ಚೂರೂ ಬಿಡ್ತಿರ್ಲಿಲ್ಲ. ಕಾವಲಿ ಹತ್ರದಿಂದ ನಂಗೆ ಅವರ ಮುಖದ ಒಂದು ಬದಿ ಕಾಣ್ತಿತ್ತು, ಅಷ್ಟೇ."

ರಮಾಮಣಿಯ ಬೆರಳು ಲೋಟದ ಮೇಲೆ ನಿಂತಿತು. ಶನಿವಾರ... ಆ ಮೂಲೆ... ನಾನು?

"ಮಾತಾಡಿಸಲಿಲ್ವಾ?"

"ಧೈರ್ಯ ಬರ್ಲಿಲ್ಲ. ಶನಿವಾರ ಹಿಟ್ಟು ಮಾತ್ರ ಯಾರ ಕೈಗೂ ಕೊಡ್ತಿರ್ಲಿಲ್ಲ, ನಾನೇ ಹುಯ್ತಿದ್ದೆ. ಆಮೇಲೆ ಅವರು ಬರುವುದನ್ನೇ ನಿಲ್ಲಿಸಿದ್ರು. ಮದುವೆ ಆಯ್ತೋ ಎಂತದೋ."

ಆ ಸಂಜೆ ವಡಾಲದವರೆಗೂ ಅವಳು ನಡೆದೇ ಹೋದಳು. ಖುಷಿಗೆ ಎದೆ ತುಂಬಿ ಬಂದಿತ್ತು. ಗುಂಡಮ್ಮನನ್ನು ಒಬ್ಬನಾದರೂ ಆಸೆಯಿಂದ ನೋಡಿದ್ದ! ಮರುಗಳಿಗೆಯೇ ಅದೇ ಎದೆ ಹಿಂಡಿತು. ಅವನು ಮೆಚ್ಚಿದ್ದು ಹೊಟ್ಟೆ ತುಂಬ ತಿನ್ನುವವಳನ್ನು. ಅವಳನ್ನು ಯಾವ ಡಾಕ್ಟರೂ ವಾಪಸು ತರಲಾರ. ಹೇಳಿದರೆ, ತನಗೂ ಇಷ್ಟವಾಗಿಬಿಟ್ಟಿದ್ದ ಅವನು ಕೈತಪ್ಪಬಹುದು. ಹೇಳದಿದ್ದರೆ ಅವನ ಮುಂದೆ ಜೀವಮಾನವಿಡೀ ಬಚ್ಚಿಟ್ಟುಕೊಂಡು ತಿನ್ನಬೇಕು.

ಬಚ್ಚಿಟ್ಟು ಬದುಕೋಕೆ ನಾನು ಸಾವಿನ ಬಾಯಿಂದ ಎದ್ದು ಬಂದದ್ದಾ? ಆಗಲ್ಲ.

ಶನಿವಾರ ಅವಳು ಸೀದಾ ಆ ಮೂಲೆಗೆ ಹೋಗಿ ಕೂತಳು. ದೋಸೆ ಬಂತು. ತುದಿ ಮುರಿದು, ಚಟ್ನಿ ಮುಟ್ಟದೆ, ಕಣ್ಣು ಮುಚ್ಚಿ ತಿಂದಳು.

ಕಣ್ಣು ಬಿಟ್ಟಾಗ ಸೀತಾರಾಮ ಎದುರಿಗಿದ್ದ. ಮುಖ ಬಿಳುಪೇರಿತ್ತು.

"ನೀವು..."

"ನಾನೇ. ಮದುವೆ ಆಗಿಲ್ಲ, ಆಪರೇಷನ್ ಆಯ್ತು. ಹೊಟ್ಟೆ ಮುಕ್ಕಾಲು ಕತ್ತರಿಸಿದಾರೆ." ಅವಳು ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ನೀವು ಕಾಯ್ತಿರೋ ಆ ಹೆಂಗಸು ಇನ್ನು ಬರಲ್ಲ ಭಟ್ರೇ. ನಾನು ಬರ್ತೀನಿ. ನನ್ನ ತಟ್ಟೆಯಲ್ಲಿ ಯಾವಾಗ್ಲೂ ಅರ್ಧ ಉಳಿಯುತ್ತೆ. ಅದಕ್ಕೆ ಕ್ಷಮೆ ಕೇಳಲ್ಲ. ನಿಮ್ಮ ದೋಸೆ ಅವತ್ತೂ ಇಷ್ಟ, ಇವತ್ತೂ ಇಷ್ಟ. ನೀವೂ ಇಷ್ಟ. ಇನ್ನು ನಿಮಗೆ ಬಿಟ್ಟದ್ದು."

ಅವನು ಬೆಂಚಿನಲ್ಲಿ ಕೂತು, ಅವಳ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಉಳಿದ ದೋಸೆಯನ್ನು ಮುರಿದು ಬಾಯಿಗಿಟ್ಟ.

ಪಕ್ಕದ ಟೇಬಲಿನವರು ಕೈಯಲ್ಲಿದ್ದ ತುತ್ತು ಮರೆತರು. ಮಡಿ ಮನೆಯಲ್ಲಿ ಹುಟ್ಟಿದವನು, ಯಾರದೋ ಎಂಜಲು ತಗುಲಿದರೆ ಕೈ ತೊಳೆಯುವವನು! ಅವನ ಮನೆತನದಲ್ಲಿ ಗಂಡ ಉಂಡ ಎಲೆಯಲ್ಲಿ ಹೆಂಡತಿ ಉಣ್ಣುವುದು ಪದ್ಧತಿ. ಹೆಣ್ಣು ಬಿಟ್ಟದ್ದನ್ನು ಗಂಡಸು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

"ಭಟ್ರೇ, ಎಂಜಲು..."

"ಗೊತ್ತುಂಟು."

"ಎಲ್ರೂ ನೋಡ್ತಿದಾರೆ."

"ನೋಡ್ಲಿ. ನಾಳೆ ನಿಮ್ಮ ಅಣ್ಣನ ಹತ್ರ ಬಂದು ಹೆಣ್ಣು ಕೇಳ್ತೇನೆ. ಅಷ್ಟರೊಳಗೆ ಸುದ್ದಿ ಅಲ್ಲಿಗೆ ಹೋದ್ರೆ ನಂಗೆ ಮಾತು ಕಮ್ಮಿ ಆಯ್ತು."

ಅವಳ ಕಣ್ಣು ತುಂಬಿತು. "ನಿಮಗೆ ಬೇಕಿದ್ದದ್ದು ದಪ್ಪದವಳಲ್ವಾ?"

"ನಂಗೆ ಬೇಕಿದ್ದದ್ದು ನೀವು. ಸಪೂರ ಆಗಿ ಬಂದ್ರಿ, ಗುರುತು ಸಿಗ್ಲಿಲ್ಲ. ಅದು ನನ್ನ ತಪ್ಪು." ತಟ್ಟೆ ಖಾಲಿ ಮಾಡಿ ಅವನು ಅವಳನ್ನೇ ನೋಡಿದ. "ಇನ್ನು 'ಭಟ್ರೇ' ಅನ್ನುವುದು ಬೇಡ. ನಿಮ್ಮ ಮಾತು ಮೈಸೂರಿನದ್ದು ಅಲ್ವಾ, ಆ ಕಡೆ ಗಂಡನನ್ನು ಎಂತ ಕರೀತಾರೆ?"

"'ರೀ' ಅಂತಾರೆ."

"ಒಮ್ಮೆ ಕರೀರಿ, ಕೇಳುವ."

ರಮಾಮಣಿ ಸೆರಗಿನಿಂದ ಕಣ್ಣೊರೆಸಿಕೊಂಡು, ನಗು ತಡೆಯಲಾರದೆ, ಅಡುಗೆಮನೆಯ ಕಡೆ ಕೈ ತೋರಿಸಿದಳು.

"ರೀ... ಒಳಗೆ ದೋಸೆ ಸೀದು ಹೋಗ್ತಿದೆ."