ಹದಿನಾರು ಅಂಕಿಯ ದೂರು

"ಡೆಸ್ಕ್ ನಂಬರ್ ಹೇಳು!"

ಬೆಸುಗೆ ಹಾಕುವ ಸಲಾಕೆಯ ತುದಿ ನನ್ನ ಎಡಗಣ್ಣಿನ ಕೆಳಗೆ ಬಂದು ನಿಂತಿತ್ತು. ಅದರ ಕಾವು ರೆಪ್ಪೆಗೆ ತಾಗುತ್ತಿತ್ತು. ನನ್ನ ಕೈಗಳನ್ನು ಕುರ್ಚಿಗೆ ಬಿಗಿದಿದ್ದು ಚಾರ್ಜರ್ ವೈರಿನಿಂದ. ಅದೂ ಹಳೇ ವೈರ್. ನನಗೋಸ್ಕರ ಹೊಸದನ್ನು ಹಾಳು ಮಾಡಲು ಆ ಅಂಗಡಿಯವನಿಗೆ ಮನಸ್ಸು ಬಂದಿರಲಿಲ್ಲ.

"ಯಾವ ಡೆಸ್ಕ್?" ಎಂದೆ.

ಚುರ್ರ್...!

ನೀವು ಆಗಲೇ ಕೇಳಿದಿರಲ್ಲ, ಕಣ್ಣಿನ ಕೆಳಗಿನ ಈ ಕಲೆ ಏನು ಅಂತ? ಇದೇ.

"ಇದು ಸ್ಯಾಂಪಲ್," ಎಂದ ಅವನು. "ಇನ್ನೊಂಚೂರು ಮೇಲೆ ಹೋದ್ರೆ ಕಣ್ಣು."

ಅವನನ್ನು ಎಲ್ಲರೂ ಬೆಸುಗೆ ಎಂದೇ ಕರೆಯುತ್ತಿದ್ದರು. ಶಾಪಿಂಗ್ ಕಾಂಪ್ಲೆಕ್ಸಿನ ನೆಲಮಾಳಿಗೆಯಲ್ಲಿ ಅವನ ಮೊಬೈಲ್ ರಿಪೇರಿ ಅಂಗಡಿ. ಇಳಿಸಿದ್ದ ಶಟರಿಗೆ ಬೆನ್ನು ಕೊಟ್ಟು ನಿಂತಿದ್ದವನು ಅವನ ಭಾವಮೈದುನ. ಕತ್ತು ಅನ್ನುವುದೇ ಇಲ್ಲದ ಮನುಷ್ಯ. ತಲೆ ಸೀದಾ ಹೆಗಲ ಮೇಲೆ ಕೂತಿತ್ತು. ಕಾರ್ ಪಾರ್ಕಿಂಗಿನಲ್ಲಿ ನನ್ನ ಬುರುಡೆಗೆ ಬಾರಿಸಿ ಇಲ್ಲಿಗೆ ಹೊತ್ತು ತಂದವನು ಅವನೇ.

ಅವರಿಗೆ ಬೇಕಿದ್ದದ್ದು ಒಂದೇ ಒಂದು ನಂಬರ್. ಅದು ನನಗೆ ಗೊತ್ತಿತ್ತು. ಹೇಳಿದರೆ ಒಬ್ಬಳ ಅನ್ನ ಹೋಗುತ್ತಿತ್ತು. ಇವರ ಕೈಗೆ ಸಿಕ್ಕರೆ ಅವಳ ಮೈಮೇಲೂ ಇಂಥದ್ದೇ ಕಲೆ ಬೀಳುತ್ತಿತ್ತು.

ಹೇಳದಿದ್ದರೆ ನನ್ನ ಕಣ್ಣು!

ಸ್ವಲ್ಪ ಹಿಂದಕ್ಕೆ ಹೋಗೋಣ.

ನನ್ನದು ಪತ್ತೆದಾರಿ ಕೆಲಸ. ಒಂದು ದೊಡ್ಡ ಫೋನ್ ಕಂಪನಿಯ ಸೆಕ್ಯುರಿಟಿ ಮುಖ್ಯಸ್ಥ ನನ್ನನ್ನು ಕರೆಸಿದ್ದ. ಊಟದ ಹೊತ್ತಿನಲ್ಲೂ ಟೈ ಸಡಿಲಿಸದ ಮನುಷ್ಯ. ಅದಕ್ಕೇ ಟೈ ಸಾಹೇಬ ಅಂತ ಹೆಸರು.

ಆ ಕಂಪನಿ ಫೋನನ್ನು ಕಂತಿನ ಮೇಲೆ ಅಗ್ಗಕ್ಕೆ ಕೊಡುತ್ತದೆ. ಆದರೆ ಒಳಗೊಂದು ಬೀಗ ಇಟ್ಟಿರುತ್ತದೆ. ಬೇರೆ ಕಂಪನಿಯ ಸಿಮ್ ಹಾಕಿದಿರೋ, ಫೋನು 'ಕೋಡ್ ಕೊಡಿ' ಎಂದು ತಡೆಯುತ್ತದೆ. ಕಂತು ತೀರಿದ ಮೇಲೆ ಆ ಕೋಡನ್ನು ಕೊಡಲೇಬೇಕು. ಕರಾರಿನಲ್ಲಿ ಹಾಗೇ ಇದೆ. ಕೇಳಲು ಹೋಗಿ ನೋಡಿ... ಈ ಕೌಂಟರಲ್ಲ, ಆ ಕೌಂಟರ್. ಸಿಸ್ಟಮ್ ಡೌನ್. ನಾಳೆ ಬನ್ನಿ. ಜನ ಸುಸ್ತಾಗಿ ಬೆಸುಗೆಯ ಅಂಗಡಿಗೆ ಹೋಗಿ ಅದೇ ಕೋಡನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಕಂಪನಿಗೆ ಅದು ಗೊತ್ತಿತ್ತು. ಆದರೂ ಅವನ ತಂಟೆಗೆ ಹೋಗಿರಲಿಲ್ಲ. ಯಾಕೆ ಅಂತ ನಾನು ಅವತ್ತೇ ಕೇಳಬೇಕಿತ್ತು.

"ಯಾರೋ ಒಳಗಿನವರು ಕೋಡ್‌ಗಳನ್ನ ಪುಕ್ಕಟೆ ಹಂಚ್ತಿದ್ದಾರೆ," ಎಂದ ಟೈ ಸಾಹೇಬ. "ಜನ ಅಗ್ಗದ ಕಂಪನಿಗೆ ಹಿಂಡು ಹಿಂಡಾಗಿ ಹೋಗ್ತಿದ್ದಾರೆ. ಅದ್ಯಾರು ಅಂತ ನನಗೆ ಬೇಕು."

"ಕಂಪ್ಯೂಟರ್ ನೋಡಿದ್ರೆ ಗೊತ್ತಾಗಲ್ವಾ?"

ಅವನ ಮುಖ ಹುಳ್ಳಗಾಯಿತು. ಕೋಡ್‌ಗಳನ್ನು ತೆರೆದು ನೋಡಲು ಇಡೀ ಆಫೀಸಿಗೆ ಒಂದೇ ಪಾಸ್‌ವರ್ಡ್ ಇತ್ತಂತೆ. ಒಬ್ಬೊಬ್ಬರಿಗೂ ಬೇರೆ ಮಾಡಿಸುವ ಖರ್ಚಿಗೆ ಕಂಪನಿಗೆ ಕೈ ಬಂದಿರಲಿಲ್ಲ!

ನಾನು ಹೊರಗಿನಿಂದ ಶುರು ಮಾಡಿದೆ. ಹೊಸದಾಗಿ ಅಗ್ಗದ ಸಿಮ್ ಹಾಕಿಸಿಕೊಂಡಿದ್ದ ಒಬ್ಬ ದರ್ಜಿ ಹೆಂಗಸು ಸಿಕ್ಕಳು. ಮೆಟ್ಟಿಲ ಕೆಳಗಿನ ಒಂಟಿ ಕೋಣೆಯಲ್ಲಿ ಅವಳ ಹೊಲಿಗೆ. ತುಟಿಯಲ್ಲಿ ಗುಂಡುಪಿನ್ ಕಚ್ಚಿಕೊಂಡೇ ಮಾತಾಡಿದಳು.

"ನನಗ್ಯಾರಪ್ಪ ಕೋಡ್ ಕೊಡ್ತಾರೆ? ಕಂಪನಿಗೆ ಫೋನ್ ಮಾಡಿ ಚೆನ್ನಾಗಿ ಉಗಿದೆ. ನಿಮ್ಮ ಸಹವಾಸ ಸಾಕು, ಬಿಟ್ಟು ಹೋಗ್ತೀನಿ ಅಂದೆ. ಆ ಪುಣ್ಯಾತ್ಗಿತ್ತಿ ಒಂದು ದೂರಿನ ಸಂಖ್ಯೆ ಕೊಟ್ಲು."

"ಆಮೇಲೆ?"

"ಬೇರೆ ಸಿಮ್ ಹಾಕಿದಾಗ ಫೋನು ಏನಾದ್ರೂ ಕೇಳಿದ್ರೆ ಈ ದೂರಿನ ಸಂಖ್ಯೇನೇ ಒತ್ತಿ ಅಮ್ಮ ಅಂದ್ಲು. ಒತ್ತಿದೆ. ಹೆದರಿಕೊಂಡು ತಕ್ಷಣ ತೆರೀತು! ಬೈದ್ರೇನೇ ಕೆಲಸ ಆಗೋದು ಕಣಪ್ಪ."

ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಲ್ಲಿ ಆ ಸಂಖ್ಯೆ ಬರೆದಿತ್ತು. ಎಣಿಸಿ ನೋಡಿದೆ. ಹದಿನಾರು ಅಂಕಿ.

ಆ ಕಂಪನಿಯ ದೂರಿನ ಸಂಖ್ಯೆಗೆ ಇರುವುದು ಹತ್ತೇ ಅಂಕಿ!

ಎಂಥ ಧೈರ್ಯ ನೋಡಿ! ಎಲ್ಲ ಮಾತೂ ರೆಕಾರ್ಡ್ ಆಗುವ ಲೈನಿನಲ್ಲೇ, ಎಲ್ಲರ ಕಿವಿಯ ಮುಂದೆಯೇ, ದೂರಿನ ಸಂಖ್ಯೆ ಅಂತ ಹೇಳಿ ಕೋಡ್ ಓದುತ್ತಿದ್ದಾಳೆ. ಆ ಕಂಪನಿಯಲ್ಲಿ ದೂರನ್ನೇ ಯಾರೂ ಕೇಳುವುದಿಲ್ಲ. ಅದರ ರೆಕಾರ್ಡಿಂಗ್ ಯಾರು ಕೇಳುತ್ತಾರೆ?

ನಾನು ಕೇಳಿದೆ.

ಬಿಟ್ಟು ಹೋಗುತ್ತೇನೆ ಅನ್ನುವ ಗ್ರಾಹಕರನ್ನು ಪುಸಲಾಯಿಸಿ ಉಳಿಸಿಕೊಳ್ಳಲು ಕಂಪನಿಯಲ್ಲಿ ಒಂದು ವಿಭಾಗವೇ ಇದೆ. ಆ ವಿಭಾಗಕ್ಕೆ ಒಂದು ನಿಯಮ. ಗ್ರಾಹಕ ಎಷ್ಟೇ ಉಗಿಯಲಿ, ಅವನು ಫೋನ್ ಇಡುವ ತನಕ ಇವರು ಇಡುವ ಹಾಗಿಲ್ಲ. ಮೊದಲು ಇಟ್ಟವರ ಕೆಲಸ ಹೋಯಿತು. ಟೈ ಸಾಹೇಬ ಗಾಜಿನ ಕೋಣೆಯೊಂದರಲ್ಲಿ ನನ್ನನ್ನು ಕೂರಿಸಿ ಆ ವಿಭಾಗದ ನೂರಾರು ಕರೆಗಳನ್ನು ಕೊಟ್ಟ. ಹೆಡ್‌ಫೋನ್ ಹಾಕಿಕೊಂಡು ಒಂದೊಂದನ್ನೇ ಕೇಳುತ್ತ ಹೋದೆ. ಕೊನೆಗೆ ದರ್ಜಿ ಹೆಂಗಸಿನ ಕರೆ ಬಂತು.

"ನಮಸ್ಕಾರ, ಏಳನೇ ಡೆಸ್ಕ್. ಹೇಳಿ, ಕೇಳ್ತಿದ್ದೀನಿ..."

ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಮತ್ತೆ ಹಾಕಿಕೊಂಡೆ.

ಹೌದು, ಅವಳೇ. ಆ 'ಹೇಳಿ, ಕೇಳ್ತಿದ್ದೀನಿ' ನನ್ನ ಮನೆಯಲ್ಲಿ ವರ್ಷಗಟ್ಟಲೆ ಇದ್ದ ಮಾತು. ನಾನೇನೂ ಹೇಳದೆ ಅನ್ನ ಕಲಸುತ್ತ ಕೂರುತ್ತಿದ್ದೆ. ಆಮೇಲೊಂದು ದಿನ ಅವಳು ಕೇಳುವುದನ್ನು ನಿಲ್ಲಿಸಿ ಬ್ಯಾಗ್ ತುಂಬಿಕೊಂಡು ಹೋದಳು. ಎಲ್ಲೋ ಫೋನ್ ಎತ್ತುವ ಕೆಲಸಕ್ಕೆ ಸೇರಿದ್ದಾಳೆ ಅಂತ ಮಾತ್ರ ಗೊತ್ತಿತ್ತು.

ನನ್ನ ಮಾಜಿ ಹೆಂಡತಿ!

"ಏನಾದ್ರೂ ಸಿಕ್ತಾ?" ಬಾಗಿಲಲ್ಲಿ ಟೈ ಸಾಹೇಬ.

"ಇಲ್ಲ. ಬರೀ ಬೈಗುಳ. ಕಿವಿ ತೂತಾಗಿದ್ದೊಂದೇ ಲಾಭ."

"ಪರವಾಗಿಲ್ಲ ಬಿಡಿ," ಎಂದು ನಕ್ಕ.

ಬಿಡುವ ಜಾತಿಯವನಲ್ಲ ಅವನು. ಆ ನಗು ನನಗೆ ಹಿಡಿಸಲಿಲ್ಲ. ಅವಳನ್ನು ಎಚ್ಚರಿಸಬೇಕು ಅನ್ನಿಸಿತು. ಆದರೆ ಅವಳ ಸ್ವಂತ ನಂಬರ್ ನನ್ನ ಹತ್ತಿರ ಇರಲಿಲ್ಲ. ಪಾರ್ಕಿಂಗಿಗೆ ಇಳಿದವನೇ ಕಂಪನಿಯ ನಂಬರಿಗೇ ಫೋನ್ ಹಚ್ಚಿದೆ. ನನ್ನದೂ ಅದೇ ಕಂಪನಿಯ ಕಂತಿನ ಫೋನು. ನನ್ನ ದೂರು ಏಳನೇ ಡೆಸ್ಕಿನಲ್ಲಿದೆ, ಅಲ್ಲಿಗೇ ಕೊಡಿ ಎಂದೆ. ಫೋನನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿ, ಕಿವಿಗೆ ವೈರ್ ಸಿಕ್ಕಿಸಿಕೊಂಡು ಕಾದೆ. 'ನಿಮ್ಮ ಕರೆ ನಮಗೆ ಬಹಳ ಮುಖ್ಯ...' ಆಮೇಲೆ ಸಂಗೀತ. ಮತ್ತೆ 'ಬಹಳ ಮುಖ್ಯ'. ಮತ್ತೆ ಸಂಗೀತ. ಥಟ್ಟನೆ ಸಂಗೀತ ನಿಂತಿತು.

"ನಮಸ್ಕಾರ, ಏಳನೇ ಡೆ..."

ಢಣ್!

ಕಣ್ಣು ಬಿಟ್ಟಾಗ ಈ ಕುರ್ಚಿಯಲ್ಲಿದ್ದೆ. ಕಿವಿಯ ವೈರು ಪಾರ್ಕಿಂಗಿನಲ್ಲೇ ಕಿತ್ತು ಬಿದ್ದಿತ್ತು.

"ಟೈ ಸಾಹೇಬ್ರು ಹೇಳಿದ್ರು," ಎಂದ ಬೆಸುಗೆ, ಸಲಾಕೆಯ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸುತ್ತ. "ರೆಕಾರ್ಡಿಂಗ್ ಕೇಳ್ತಾ ಕೇಳ್ತಾ ನಿನ್ನ ಮುಖ ಬಿಳಿಚಿಕೊಳ್ತಂತೆ. ಗಾಜಿನ ಕೋಣೆ ಕಣಯ್ಯಾ! ಎಲ್ಲಾ ಕಾಣತ್ತೆ. ಯಾರ ಕರೆಗೆ ಅನ್ನೋದು ಮಾತ್ರ ಆಚೆ ಕೇಳಿಸಲ್ಲ."

ಆಗ ಅರ್ಥವಾಯಿತು. ತಡವಾಗಿ ಅರ್ಥವಾಗುವುದು ನನ್ನ ಹಣೆಬರಹ.

"ಓಹೋ! ಅವನೂ ನೀನೂ ಪಾಲುದಾರರು!"

"ಕೋಡ್ ಅವರದ್ದು, ಅಂಗಡಿ ನಂದು. ಚೆನ್ನಾಗೇ ನಡೀತಿತ್ತು. ಯಾರೋ ಧರ್ಮಕ್ಕೆ ಹಂಚೋಕೆ ಶುರು ಮಾಡಿ ನನ್ನ ಹೊಟ್ಟೆ ಮೇಲೆ ಹೊಡೆದ್ರು. ಅವರ ಬೆರಳು ನೋಡ್ಕೋತೀನಿ ನಾನು. ಒಂದೊಂದೇ ಬೆರಳು... ಡೆಸ್ಕ್ ನಂಬರ್!"

"ಹೋಗಲೋ!"

ಸಲಾಕೆ ಮೇಲೆ ಬಂತು. ಬಿಸಿಗೆ ಕಣ್ಣಲ್ಲಿ ನೀರು ತುಂಬಿತು. ಕತ್ತಿಲ್ಲದವನು ನನ್ನ ತಲೆಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದ. ಹೆದರಿದೆನಾ ಅಂತೀರಾ? ಸತ್ತೇ ಹೋಗುವಷ್ಟು ಹೆದರಿದ್ದೆ!

ಅಷ್ಟರಲ್ಲಿ ನನ್ನ ಎದೆಯೊಳಗಿಂದ ಒಂದು ಸಣ್ಣ ದನಿ ಬಂತು.

"ಹಲೋ... ಹಲೋ..."

ಸಲಾಕೆ ಅಲ್ಲೇ ನಿಂತಿತು. ಕತ್ತಿಲ್ಲದವನು ನನ್ನ ಜೇಬಿಗೆ ಕೈ ಹಾಕಿ ಫೋನ್ ತೆಗೆದ. ಫೋನ್ ಅಂಗಡಿಯವರು, ನನ್ನ ಫೋನನ್ನೇ ತಡಕಿರಲಿಲ್ಲ! ಪರದೆಯ ಮೇಲೆ ಕರೆಯ ಸಮಯ ಇನ್ನೂ ಓಡುತ್ತಿತ್ತು. ಗ್ರಾಹಕ ಇಟ್ಟಿರಲಿಲ್ಲವಲ್ಲ. ಅವಳೂ ಇಟ್ಟಿರಲಿಲ್ಲ.

ಬೆಸುಗೆ ಸ್ಪೀಕರ್ ಒತ್ತಿದ.

"ನಮಸ್ಕಾರ ಸಾರ್, ಏಳನೇ ಡೆಸ್ಕ್." ದನಿ ಸಕ್ಕರೆಯ ಹಾಗಿತ್ತು. "ಗುಣಮಟ್ಟಕ್ಕೋಸ್ಕರ ಈ ಕರೆ ರೆಕಾರ್ಡ್ ಆಗ್ತಿದೆ. ನೀವು ಇದುವರೆಗೆ ಹೇಳಿದ್ದೆಲ್ಲಾ ರೆಕಾರ್ಡ್ ಆಗಿದೆ. ಟೈ ಸಾಹೇಬ್ರ ಹೆಸರೂ ಆಗಿದೆ. ಇನ್ನೇನಾದ್ರೂ ಸಹಾಯ ಬೇಕಿತ್ತಾ ಸಾರ್?"

ಏಳನೇ ಡೆಸ್ಕ್! ಯಾವ ನಂಬರ್ ಮುಚ್ಚಿಡಲು ನಾನು ಕಣ್ಣನ್ನೇ ಒಡ್ಡಿಕೊಂಡು ಕೂತಿದ್ದೆನೋ, ಅದನ್ನು ಅವಳೇ ನಮಸ್ಕಾರ ಹೇಳಿ ಕೊಟ್ಟಿದ್ದಳು!

ಬೆಸುಗೆಯ ಬಾಯಿ ತೆರೆದೇ ಇತ್ತು. ಸಲಾಕೆ ಕೆಳಗಿಳಿಯಿತು. ನನಗೆ ಅಷ್ಟು ಸಾಕಾಗಿತ್ತು. ಕಾಲೆತ್ತಿ ಮೇಜಿಗೆ ಒದ್ದೆ. ತಿರುಪು, ಪರದೆ, ಬ್ಯಾಟರಿ ಎಲ್ಲ ಅವನ ಮೇಲೆ ಬಿದ್ದವು. ಕೈಯನ್ನು ಜೋರಾಗಿ ಎಳೆದೆ. ವೈರ್ ಪಟ್ಟೆಂದು ಕಿತ್ತಿತು. ಹಳೇ ವೈರ್ ಅಂದೆನಲ್ಲ! ಫೋನ್ ಕಸಿದುಕೊಂಡು, ಶಟರನ್ನು ಮೊಣಕಾಲೆತ್ತರಕ್ಕೆ ಎತ್ತಿ, ಅದರಡಿ ನುಸುಳಿ ಓಡಿದೆ.

"ಹಿಡಿಯೋ ಅವನ್ನ!"

ನೆಲಮಾಳಿಗೆಯ ಉದ್ದದ ಓಣಿ. ಎರಡೂ ಕಡೆ ಫೋನ್ ಕವರ್‌ಗಳು, ಬಟ್ಟೆ ತೊಡಿಸಿದ ಬೊಂಬೆಗಳು. ಒಂದು ಬೊಂಬೆಯನ್ನು ಹಿಂದಕ್ಕೆ ತಳ್ಳಿದೆ. ಕತ್ತಿಲ್ಲದವನು ಅದನ್ನು ತಬ್ಬಿಕೊಂಡೇ ಓಡಿ ಬಂದ! ಮುಂದೆ ನೆಲ ಒರೆಸುವವಳು ಬಕೆಟ್ ಇಟ್ಟುಕೊಂಡು ನಿಂತಿದ್ದಳು.

"ಒದ್ದೆ ಇದೆ! ಕಣ್ಣು ಕಾಣಲ್ವಾ?"

ನನಗೆ ಒಂದು ಕಣ್ಣು ಕಾಣುತ್ತಿತ್ತು. ಹಾರಿದೆ. ಅವನು ಹಾರಲಿಲ್ಲ. ಜಾರಿದವನು, ಬೊಂಬೆಯ ಸಮೇತ ಹೋಗಿ ಎಸ್ಕಲೇಟರಿನ ಬುಡಕ್ಕೆ ಅಪ್ಪಳಿಸಿದ. ಮೇಲೆ ಹತ್ತಿ, ರಸ್ತೆ ದಾಟಿ, ಹೊರಡುತ್ತಿದ್ದ ಬಸ್ಸಿಗೆ ಜೋತುಬಿದ್ದೆ.

ಫೋನು ಕಿವಿಗೆ ಹಿಡಿದೆ. "ಇದ್ದೀಯಾ?"

"ಗ್ರಾಹಕರು ಇಡೋ ತನಕ ಇರಲೇಬೇಕಲ್ಲ."

"ಮೊದಲು ಅಲ್ಲಿಂದ ಎದ್ದು ಹೋಗು!"

"ಶಿಫ್ಟ್ ಮುಗಿದಿಲ್ಲ. ನೀನು ಮೊದಲು ಫೋನ್ ಇಡು."

ಇಟ್ಟೆ. ಸೀದಾ ಟೈ ಸಾಹೇಬನ ಕ್ಯಾಬಿನ್ನಿಗೆ ಹೋದೆ. ಅವನು ನನ್ನ ಕೆನ್ನೆಯನ್ನು ನೋಡಿದ. ಆಶ್ಚರ್ಯಪಡುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

"ರೆಕಾರ್ಡಿಂಗ್ ಅಂತ ಬಂದಿರಾ? ರೆಕಾರ್ಡಿಂಗ್ ಹೋಗೋದು ಗುಣಮಟ್ಟ ವಿಭಾಗಕ್ಕೆ. ಆ ವಿಭಾಗ ನನ್ನ ಕೈಕೆಳಗಿದೆ. ಕೇಳಿದೆ. ಅಳಿಸಿದೆ."

"ಕಾಪಿ ನನ್ನ ಹತ್ರ ಇದೆ."

ಇರಲಿಲ್ಲ. ಆದರೆ ಸುಳ್ಳು ಹೇಳುವಾಗ ನನ್ನ ಮುಖ ಬಿಳಿಚಿಕೊಳ್ಳುವುದಿಲ್ಲ.

"ಅವಳ ಒಂದು ಬೆರಳು ಮುಟ್ಟಿದ್ರೂ ಅದು ಹೊರಗೆ ಬರತ್ತೆ. ನೀವು ಅವಳ ಮೇಲೆ ಪೊಲೀಸ್ ಅಂತ ಹೋದ್ರೂ ಬರತ್ತೆ."

ಅವನು ಟೈ ನೇವರಿಸಿಕೊಂಡ. ಯೋಚಿಸಿದ. "ಸರಿ. ಯಾರೂ ಮುಟ್ಟಲ್ಲ. ಕೆಲಸದಿಂದ ತೆಗೀತೀನಿ, ಅಷ್ಟೇ. ನಿಯಮದ ಪ್ರಕಾರ."

"ಯಾವ ನಿಯಮ?"

"ನಿಮ್ಮ ಕರೆ ಅಷ್ಟು ಹೊತ್ತು ನಡೀತು. ನಿಮ್ಮನ್ನ ಕಂಪನಿಯಲ್ಲೇ ಉಳಿಸಿಕೊಳ್ಳೋಕೆ ಅವರು ಒಂದು ಆಫರ್ ಕೂಡ ಹೇಳಲಿಲ್ಲ. ಅದು ದೊಡ್ಡ ತಪ್ಪು."

ಅವನು ನಗಲಿಲ್ಲ. ತಮಾಷೆ ಮಾಡುತ್ತಿರಲಿಲ್ಲ ಅವನು. ನನಗೆ ಮೈಯೆಲ್ಲ ಉರಿಯಿತು. ಆ ಟೈ ಹಿಡಿದು ಎಳೆಯಬೇಕು ಅನ್ನಿಸಿತು. ಎಳೆದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಕೈ ಕಟ್ಟಿಕೊಂಡು ಇಳಿದು ಬಂದೆ.

ಗೇಟಿನ ಹತ್ತಿರ ಕಾದೆ. ಅವಳು ಕುರ್ಚಿಯ ದಿಂಬು, ನೀರಿನ ಬಾಟಲಿ ಹಿಡಿದುಕೊಂಡು ಬಂದಳು. ಮೊದಲಿಗಿಂತ ತೆಳ್ಳಗಾಗಿದ್ದಳು. ಹೆಡ್‌ಫೋನ್ ಒತ್ತಿ ಒತ್ತಿ ಕಿವಿಯ ಮೇಲೆ ಗೆರೆ ಬಿದ್ದಿತ್ತು.

"ನೀನ್ಯಾಕೆ ಬಾಯಿ ಬಿಟ್ಟೆ? ನಾನು ಹೇಳ್ತಿರಲಿಲ್ಲ!"

"ಗೊತ್ತು. ನೀನು ಯಾವತ್ತು ಏನು ಹೇಳಿದ್ದೀಯ?" ನನ್ನ ಕೆನ್ನೆಯನ್ನು ನೋಡಿ ಮುಖ ತಿರುಗಿಸಿದಳು. "ಮುಲಾಮು ಹಚ್ಚು."

ಟೈ ಸಾಹೇಬನಿಗೆ ಬಿಟ್ಟ ಕಾಪಿಯ ಸುಳ್ಳನ್ನು ಅವಳಿಗೆ ಹೇಳಿದೆ. "ಈ ಕೋಡ್ ಹಂಚೋ ಉಸಾಬರಿ ನಿನಗ್ಯಾಕೆ ಬೇಕಿತ್ತು?"

"ಅವರ ಕಂತು ಮುಗಿದಿತ್ತು. ಅವರದ್ದನ್ನ ಅವರಿಗೆ ಕೊಟ್ಟೆ. ಅದರಲ್ಲೇನಿದೆ?" ನನ್ನ ಕೈ ಎಳೆದುಕೊಂಡು ಅಂಗೈ ಮೇಲೆ ಪೆನ್ನಿನಿಂದ ಬರೆಯತೊಡಗಿದಳು. "ನಿನ್ನ ಕಂತೂ ಮುಗಿದು ಎಷ್ಟೋ ಕಾಲ ಆಗಿದೆ. ನೀನಲ್ಲಿ ಏಟು ತಿಂತಿದ್ದಾಗ ನಾನು ಸುಮ್ನೆ ಕೂತಿದ್ನಾ? ತಗೋ, ನಿನ್ನ ದೂರಿನ ಸಂಖ್ಯೆ. ಕೆಳಗಿರೋದು ನನ್ನ ನಂಬರ್. ಆ ಕಾಪಿ ಗೀಪಿ ವಿಷಯ ಏನಾದ್ರೂ ಬಂದ್ರೆ ಮಾತ್ರ ಮಾಡು."

ಹದಿನಾರು ಅಂಕಿ. ಆಟೋ ಕೂಡ ಹತ್ತದೆ ನಡೆದುಕೊಂಡೇ ಹೋದಳು.

ಈಗ ಆ ವಿಭಾಗದಲ್ಲಿ ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್. ಟೈ ಸಾಹೇಬನಿಗೆ ಇನ್ನೂ ದೊಡ್ಡ ಕ್ಯಾಬಿನ್. ಬೆಸುಗೆಯ ಅಂಗಡಿಯ ಮುಂದೆ ಮತ್ತೆ ಜನ ಸಾಲು ನಿಲ್ಲುತ್ತಾರೆ. ದರ್ಜಿ ಹೆಂಗಸು ತನ್ನ ಅಕ್ಕಪಕ್ಕದವರಿಗೆಲ್ಲ ಕಂಪನಿಗೆ ಫೋನ್ ಮಾಡಿ ಚೆನ್ನಾಗಿ ಬೈಯಿರಿ ಅಂತ ಹೇಳಿಕೊಡುತ್ತಿದ್ದಾಳೆ. ಅವರು ಬೈಯುತ್ತಾರೆ. ಹತ್ತು ಅಂಕಿ ಸಿಗುತ್ತದೆ.

ನಾನು ಅಗ್ಗದ ಕಂಪನಿಯ ಸಿಮ್ ತಂದೆ. ಹಾಕಿದೆ. ಫೋನು ಕೋಡ್ ಕೇಳಿತು. ಅಂಗೈ ನೋಡಿಕೊಂಡು ಒತ್ತಿದೆ. ಬೀಗ ತೆರೆಯಿತು. ಮೊದಲ ಕರೆ ಅವಳಿಗೇ ಮಾಡಿದೆ.

"ಹಲೋ?"

"ನಾನು. ಹೊಸ ನಂಬರ್. ಕಾಪಿ ವಿಷಯ ಅಲ್ಲ... ರೇಟು ತುಂಬಾ ಕಡಿಮೆ ಇದೆ. ಎಷ್ಟು ಹೊತ್ತು ಬೇಕಾದ್ರೂ ಮಾತಾಡಬಹುದು. ನಿನಗೆ ಹೇಳೋದು ತುಂಬಾ ಇತ್ತು..."

ಟಕ್!

ಕೆಲಸ ಹೋಗಿತ್ತಲ್ಲ. ಈಗ ಅವಳು ಮೊದಲು ಇಡಬಹುದು.